ಇಪ್ಪತ್ತು ಲೋಟಕ್ಕೆ ಒಂದು

ಕೋಪ ಕೆಲವರಿಗೆ ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುತ್ತಾರೆ. ಈ ಕಾಫಿ ಅಂಗಡಿಯವನಿಗೆ ಅದು ಮೂಗಿಗಿಂತ ಒಂದು ಗೇಣು ಮುಂದೆಯೇ ನಡೆಯುತ್ತಿತ್ತು. ನೀರು ಕಾಯುವುದು ತಡವಾದರೆ ಒಲೆಗೆ ಬೈಗುಳ, ಬಸ್ಸು ತಡವಾದರೆ ರಸ್ತೆಗೆ ಬೈಗುಳ, ಗಿರಾಕಿ ಲೋಟ ಹಿಡಿದುಕೊಂಡು ಯೋಚನೆಗೆ ಬಿದ್ದರೆ “ಅದೇನು ಔಷಧಿನಾ, ಆರೋದ್ರೊಳಗೆ ಕುಡೀರಿ” ಎಂದು ಅವರಿಗೂ ಒಂದು ಪಾಲು. ಬೀದಿಯವರು ಅವನಿಗೆ ಸಿಡುಕಣ್ಣ ಎಂದು ಹೆಸರಿಟ್ಟಿದ್ದರು. ಮುಖದೆದುರೇ ಹಾಗೆ ಕರೆಯುವಷ್ಟು ಹಳೆಯದಾಗಿತ್ತು ಆ ಹೆಸರು. ಇಷ್ಟಾದರೂ ಯಾರೂ ಆ ಅಂಗಡಿ ಬಿಟ್ಟು ಪಕ್ಕದ ಬೀದಿಗೆ ಹೋದವರಲ್ಲ. ಬೈಸಿಕೊಂಡು ಕುಡಿಯುವುದಕ್ಕೂ ಯೋಗ್ಯವಾದ ಕಾಫಿ ಅದು.

ಅಂಗಡಿ ಎರಡು ಕೋಣೆಯದು. ಮುಂದಿನ ಕೋಣೆಯಲ್ಲಿ ಉದ್ದನೆಯ ಕಟ್ಟೆ, ಅದರ ಮುಂದೆ ಆರು ಸ್ಟೂಲು. ಹಿಂದಿನ ಕೋಣೆಯಲ್ಲಿ ಬೀಜ ಹುರಿಯುವ ಕಬ್ಬಿಣದ ಡ್ರಮ್ಮು. ಬಾಗಿಲ ಮೇಲೆ ‘ನಮ್ಮದೇ ತೋಟದ ಕಾಫಿ’ ಎಂಬ ಬೋರ್ಡು. ಬೋರ್ಡಿನಲ್ಲಿ ಸುಳ್ಳಿರಲಿಲ್ಲ. ಬಸ್ಸಿನಲ್ಲಿ ಮೂರು ಗಂಟೆ ದೂರದ ಗುಡ್ಡದ ಮೇಲೆ ಅವನ ಅಪ್ಪ ಮಾಡಿಟ್ಟ ತೋಟವಿತ್ತು. ಅಪ್ಪ ಕಣ್ಣು ಮುಚ್ಚುವ ಮುಂಚೆ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಭಾಗ ಮಾಡಿದ್ದು ಜಮೀನನ್ನಲ್ಲ, ಕೆಲಸವನ್ನು. ಮಗಳು ಬೆಳೆಯಬೇಕು, ಮಗ ಹುರಿಯಬೇಕು. ಅಂದಿನಿಂದ ಅಕ್ಕ ಗಿಡ ನೋಡಿಕೊಂಡು, ಹಣ್ಣು ಕೀಳಿಸಿ, ಸಿಪ್ಪೆ ಬಿಡಿಸಿ, ತೊಳೆದು, ಒಣಗಿಸಿ ಚೀಲ ಕಟ್ಟುತ್ತಿದ್ದಳು. ತಮ್ಮ ಹುರಿದು, ಪುಡಿ ಮಾಡಿ, ಲೋಟಕ್ಕೆ ಇಳಿಸುತ್ತಿದ್ದ. ಅಕ್ಕನ ಒಂದು ಬೀಜವೂ ಹೊರಗಿನವರಿಗೆ ಹೋಗುತ್ತಿರಲಿಲ್ಲ, ಹೊರಗಿನವರ ಒಂದು ಬೀಜವೂ ಈ ಅಂಗಡಿಯ ಹೊಸ್ತಿಲು ದಾಟುತ್ತಿರಲಿಲ್ಲ. ಅಮ್ಮ ಅಕ್ಕನ ಜೊತೆ ತೋಟದಲ್ಲೇ ಇದ್ದಳು.

ಸಿಡುಕಣ್ಣನಿಗೆ ಒಂದು ಹಟವಿತ್ತು. ಮೊದಲೇ ಪುಡಿ ಮಾಡಿಟ್ಟು ಮಾರುವವನಲ್ಲ ಅವನು. ಲೋಟಕ್ಕೊಂದು ಹಿಡಿ ಬೀಜ ಅಳೆದು, ಗಿರಾಕಿಯ ಕಣ್ಣೆದುರೇ ಕೈಗ್ರೈಂಡರಿನಲ್ಲಿ ತಿರುಗಿಸಿ, ಸೋಸುವ ಬಟ್ಟೆಗೆ ಸುರಿದು, ಮೇಲಿನಿಂದ ಬಿಸಿನೀರು ಬಿಡುತ್ತಿದ್ದ. ಹತ್ತು ಜನ ಬಂದರೆ ಹತ್ತು ಸಲ ಅದೇ ಕೆಲಸ. ಅವಸರದ ಮನುಷ್ಯ ಇಷ್ಟು ನಿಧಾನದ ಕೆಲಸವನ್ನು ಯಾಕೆ ಹಚ್ಚಿಕೊಂಡನೋ ಯಾರಿಗೂ ತಿಳಿಯದು. ಬಹುಶಃ ಬೈಯಲು ಹೆಚ್ಚು ಹೊತ್ತು ಸಿಗುತ್ತಿತ್ತು.

ಈ ಸಲದ ಹೊಸ ಬೆಳೆ ಅಂಗಡಿಗೆ ಬಂದು ಎರಡು ವಾರವಾಗಿತ್ತು. ಒಂದು ಬೆಳಗ್ಗೆ ಹತ್ತು ಗಂಟೆಗೆ, ಎದುರಿನ ಮಹಡಿಯ ಹಲ್ಲಿನ ಡಾಕ್ಟರು ಎಂದಿನಂತೆ ಮೊದಲ ಸ್ಟೂಲಿನಲ್ಲಿ ಕೂತು ಒಂದು ಗುಟುಕು ಕುಡಿದರು. ಕುಡಿದವರು ನುಂಗಲಿಲ್ಲ. ಎದ್ದು ಹೋಗಿ ಚರಂಡಿಗೆ ಉಗುಳಿ ಬಂದರು.

“ಇದರಲ್ಲಿ ಏನೋ ಸತ್ತಿದೆ,” ಎಂದರು.

“ಏನು ಸಾಯೋದು? ಬೀಜ, ನೀರು. ಎರಡೇ ಇರೋದು.”

“ನೋಡಪ್ಪಾ, ಮೂವತ್ತು ವರ್ಷದಿಂದ ಊರಿನವರ ಬಾಯಿಗೆ ಮೂಗು ಹಿಡಿದು ಬದುಕಿದವನು ನಾನು. ಕೆಟ್ಟ ವಾಸನೆ ಬಗ್ಗೆ ನನಗೆ ಹೇಳಿಕೊಡಬೇಡ.”

“ಹಾಗಾದ್ರೆ ಅದು ನಿಮ್ಮ ಮೂಗಿಗೇ ಹತ್ತಿಕೊಂಡು ಬಂದಿರಬೇಕು ಡಾಕ್ಟ್ರೇ. ಇಲ್ಲಿ ಕೊಡಿ.”

ಲೋಟವನ್ನು ಕಿತ್ತುಕೊಂಡು, ಮೂಸಿಯೂ ನೋಡದೆ ಸಿಂಕಿಗೆ ಸುರಿದುಬಿಟ್ಟ. ಅದೇ ಡಬ್ಬಿಯಿಂದ ಇನ್ನೊಂದು ಹಿಡಿ ಬೀಜ ತೆಗೆದು, ಗ್ರೈಂಡರನ್ನು ಕುತ್ತಿಗೆ ತಿರುಚುವವನಂತೆ ತಿರುಗಿಸಿ, ಇನ್ನೊಂದು ಲೋಟ ಮಾಡಿಕೊಟ್ಟ. ಡಾಕ್ಟರು ಹೆದರುತ್ತಲೇ ತುಟಿಗಿಟ್ಟರು. ಒಳ್ಳೆಯ ಕಾಫಿ. ಡಾಕ್ಟರ ಮುಖ ಹುಳ್ಳಗಾಯಿತು. ಸಿಡುಕಣ್ಣ ಗೆದ್ದವನಂತೆ ಕಟ್ಟೆ ಒರೆಸಿದ.

ಆ ಗೆಲುವು ಮೂರು ದಿನ ಉಳಿಯಿತು. ನಾಲ್ಕನೆಯ ದಿನ ಮೂಲೆಯ ಪುಸ್ತಕದಂಗಡಿಯಾಕೆ ಅರ್ಧ ಲೋಟ ಬಿಟ್ಟು ಎದ್ದಳು. ಕೇಳಿದರೆ “ಏನಿಲ್ಲ ಬಿಡಿ” ಎಂದಳು. ಬೈದುಕೊಂಡು ಹೋಗಿದ್ದರೆ ಚೆನ್ನಾಗಿತ್ತು. ಏನಿಲ್ಲ ಎಂದು ಹೋದವರು ಮತ್ತೆ ಬರುವುದಿಲ್ಲವೆಂದು ಅಂಗಡಿ ನಡೆಸುವವರಿಗೆಲ್ಲ ಗೊತ್ತು. ಆಕೆ ಬರಲಿಲ್ಲ. ಅದಾದ ಮೇಲೆ ಇನ್ನಿಬ್ಬರು. ಪ್ರತಿ ಸಲವೂ ಅದೇ ಕಥೆ. ಲೋಟ ಕೆಟ್ಟಿರುತ್ತದೆ, ಮರುಲೋಟ ಚೆನ್ನಾಗಿರುತ್ತದೆ, ಡಬ್ಬಿ ಅದೇ, ಬಟ್ಟೆ ಅದೇ, ನೀರು ಅದೇ. ಸಿಡುಕಣ್ಣನ ತಲೆ ಚಿಟ್ಟು ಹಿಡಿಯಿತು. ಕಳ್ಳ ಒಳಗೇ ಇದ್ದಾನೆ, ದೀಪ ಹಚ್ಚಿದಾಗ ಮಾತ್ರ ಇರುವುದಿಲ್ಲ.

ಅವನ ಹೆಂಡತಿ ಕೂಗುವವಳಲ್ಲ. ಮನೆಯಲ್ಲಿ ಒಬ್ಬರು ಕೂಗಿದರೆ ಸಾಕೆಂದು ಮದುವೆಯಾದ ವಾರದಲ್ಲೇ ತೀರ್ಮಾನಿಸಿದ್ದಳು. ಶುಕ್ರವಾರ ಸಂಜೆ ಬಾಗಿಲು ಅರ್ಧ ಎಳೆದು, ಕಟ್ಟೆಯ ಮೇಲೆ ಇಪ್ಪತ್ತು ಲೋಟ ಸಾಲಾಗಿ ಇಟ್ಟಳು.

“ಇಪ್ಪತ್ತು ಮಾಡಿ,” ಎಂದಳು. “ಒಂದೊಂದಕ್ಕೂ ಬೇರೆ ಬೇರೆ ಪುಡಿ. ಎಲ್ಲಾ ಮೂಸಿ ನೋಡೋಣ.”

“ಇಪ್ಪತ್ತು ಲೋಟ ಕಾಫಿ ಯಾರು ಕುಡೀತಾರೆ?”

“ಕುಡಿಯೋಕಲ್ಲ. ಕಳ್ಳನ್ನ ಹಿಡಿಯೋಕೆ.”

ಗೊಣಗಿಕೊಂಡೇ ಮಾಡಿದ. ಇಬ್ಬರೂ ಬಗ್ಗಿ ಬಗ್ಗಿ ಮೂಸುತ್ತ ಹೋದರು. ಹದಿನಾರು ಲೋಟ ಚೊಕ್ಕ. ಹದಿನೇಳನೆಯದರ ಮೇಲೆ ಬಗ್ಗಿದವನು ಹಾಗೇ ಹಿಂದಕ್ಕೆ ಸರಿದ. ಕೊಳೆತ ಈರುಳ್ಳಿಯನ್ನು ಒದ್ದೆ ಕಾಲುಚೀಲದಲ್ಲಿ ಕಟ್ಟಿಟ್ಟಂಥ ವಾಸನೆ. ಉಳಿದ ಮೂರು ಮತ್ತೆ ಚೊಕ್ಕ. ಡಾಕ್ಟರ ಮೂಗಿಗೆ ಅವನು ಅಂದದ್ದೆಲ್ಲ ನೆನಪಾಗಿ ಕಿವಿ ಬಿಸಿಯಾಯಿತು.

“ಇಪ್ಪತ್ತಕ್ಕೆ ಒಂದು,” ಎಂದಳು ಹೆಂಡತಿ. “ಅಂದ್ರೆ ದಿನಕ್ಕೆ ನಾಲ್ಕೈದು ಜನಕ್ಕೆ ಇದನ್ನ ಕುಡಿಸಿ ಕಳಿಸ್ತಿದ್ದೀವಿ. ಎಲ್ಲರೂ ಬಾಯಿಬಿಟ್ಟು ಹೇಳಲ್ಲ. ಮಂಗಳವಾರ ಅಂಗಡಿಗಳಿಗೆ ಬೀಜ ಹಾಕೋ ಆ ವ್ಯಾಪಾರಿ ಈ ಬೀದಿಗೆ ಬರ್ತಾನೆ. ಅಷ್ಟರೊಳಗೆ ಇದು ಎಲ್ಲಿಂದ ಬರ್ತಿದೆ ಅಂತ ಗೊತ್ತಾದ್ರೆ ಸರಿ. ಇಲ್ಲಾಂದ್ರೆ ಅವನ ಚೀಲ ಇಳಿಸಿಕೊಳ್ಳೋಣ.”

“ಅಕ್ಕನ ಬೀಜ?”

“ನಿಮ್ಮಕ್ಕನ ಮೇಲೆ ನನಗೇನು ಕೋಪ ಇದೆಯಾ? ಅವರೂ ಅದೇ ವ್ಯಾಪಾರಿಗೆ ಕೊಡಲಿ. ನಾನು ಹೇಳ್ತಿರೋದು ತಪ್ಪಾ?”

ತಪ್ಪಲ್ಲ, ಅದೇ ಅವನ ಸಂಕಟ. ವ್ಯಾಪಾರಿಗೆ ಕೊಟ್ಟ ಬೀಜ ಎಲ್ಲರ ಬೀಜದ ರಾಶಿಗೆ ಬೀಳುತ್ತದೆ. ಒಳ್ಳೆಯದು, ಕೆಟ್ಟದ್ದು, ಕಲ್ಲು, ಕಡ್ಡಿ ಎಲ್ಲ ಒಂದೇ. ಇಪ್ಪತ್ತೆರಡು ವರ್ಷ ಒಂದೊಂದೇ ಕೆಂಪು ಹಣ್ಣು ಆರಿಸಿ ಕೀಳಿಸಿದ ಅಕ್ಕನ ಕೆಲಸಕ್ಕೆ ಆಮೇಲೆ ಗುರುತೇ ಉಳಿಯುವುದಿಲ್ಲ. ಬಾಗಿಲ ಮೇಲಿನ ಬೋರ್ಡು ಇಳಿಸಬೇಕು. ಅಪ್ಪ ಕಟ್ಟಿಕೊಟ್ಟ ಗಂಟು ಅಲ್ಲಿಗೆ ಬಿಚ್ಚಿಹೋಗುತ್ತದೆ. ಇದೆಲ್ಲ ಹೇಳಬೇಕೆಂದುಕೊಂಡರೂ ಬಾಯಿಂದ ಬಂದದ್ದು ಮಾತ್ರ “ಈ ಲೋಟ ಎಲ್ಲಾ ಯಾರು ತೊಳೀತಾರೆ?” ಎಂಬ ಮಾತು.

ಶನಿವಾರ ಅಂಗಡಿಗೆ ರಜೆ. ಅಂದು ಅವನು ಗ್ರೈಂಡರಿನ ಹೊಟ್ಟೆ ಬಗೆದು ಹಲ್ಲುಹಲ್ಲಿಗೂ ಬ್ರಷ್ ಹಾಕಿದ. ಸೋಸುವ ಬಟ್ಟೆಗಳನ್ನು ಮೂರು ಸಲ ಕುದಿಸಿದ. ಡ್ರಮ್ಮಿನೊಳಗೆ ತಲೆ ತೂರಿಸಿ ಕೆರೆದು ಮಸಿ ಬಳಿದುಕೊಂಡು ಹೊರಬಂದ. ಹೆಂಡತಿಯ ತಲೆಗೆಣ್ಣೆಯ ಮೇಲೆ ಅನುಮಾನಪಟ್ಟ. ಅವಳು ಅವನ ಬೆವರಿನ ಮೇಲೆ ಅನುಮಾನಪಟ್ಟಳು. ಮತ್ತೆ ಇಪ್ಪತ್ತು ಲೋಟ. ಈ ಸಲ ನಾಲ್ಕನೆಯದು.

ಹಾಗಾದರೆ ಅದು ಅಂಗಡಿಯಲ್ಲಿ ಹುಟ್ಟಿದ್ದಲ್ಲ, ಬೀಜದ ಜೊತೆಗೇ ಬಂದದ್ದು. ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಹತ್ತಿ ಕೂತ. ಬಸ್ಸು ಹೊರಟಾಗಲೇ ಹದಿನೈದು ನಿಮಿಷ ತಡ. ದಾರಿಯುದ್ದಕ್ಕೂ ಹಲ್ಲು ಕಡಿದುಕೊಂಡೇ ಬಂದ.

ಗುಡ್ಡದ ಬುಡದಲ್ಲೊಂದು ಮಿಲ್ಲಿದೆ. ಒಣಗಿದ ಬೀಜದ ಒಳಸಿಪ್ಪೆ ತೆಗೆಸುವುದು ಅಲ್ಲಿಯೇ. ಸಿಡುಕಣ್ಣ ಮೊದಲು ಅಲ್ಲಿಗೆ ನುಗ್ಗಿದ. ಮಿಲ್ಲಿನವನು ಹೊಟ್ಟಿನ ಧೂಳಿನಲ್ಲಿ ಹುಬ್ಬೆಲ್ಲ ಬೆಳ್ಳಗಾಗಿ ನಿಂತಿದ್ದ.

“ನನ್ನ ಯಂತ್ರದಲ್ಲಿ ಬೀಜ ಇರೋದೇ ಅರ್ಧ ನಿಮಿಷ,” ಎಂದ ಅವನು. “ಅಷ್ಟರಲ್ಲಿ ಏನು ಕೊಳೆಯುತ್ತೆ? ಒದ್ದೆ ಇದ್ದ ಕಡೆ ಹುಡುಕು. ಮೇಲೆ ಹೋಗಿ ನಿಮ್ಮ ತೊಟ್ಟಿ ನೋಡು.”

ತೊಟ್ಟಿ ಎಂಬ ಮಾತು ಸಿಡುಕಣ್ಣನ ಮನಸ್ಸಿನಲ್ಲೂ ಇತ್ತು. ಆದರೆ ಅದು ಅಕ್ಕನ ತೊಟ್ಟಿ. ತೊಟ್ಟಿಗೆ ಕೈ ತೋರಿಸಿದರೆ ಅಕ್ಕನ ಕಡೆಗೇ ಕೈ ತೋರಿಸಿದಂತೆ.

ವಿಷಯ ಏನೆಂದರೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಮೇಲೂ ಬೀಜದ ಮೈಗೆ ಜಾರುವ ಲೋಳೆ ಅಂಟಿಕೊಂಡಿರುತ್ತದೆ. ಉಜ್ಜಿದರೆ ಹೋಗದು. ಸಿಮೆಂಟ್ ತೊಟ್ಟಿಯಲ್ಲಿ ತುಂಬಿ ಒಂದು ದಿನ ಹಾಗೇ ಬಿಟ್ಟರೆ ತಾನಾಗಿ ಹುಳಿಬಂದು ಲೋಳೆ ಬಿಟ್ಟುಕೊಳ್ಳುತ್ತದೆ. ಆಮೇಲೆ ತೊಳೆಯುವುದು. ತೊಟ್ಟಿ ಖಾಲಿ ಮಾಡುವಾಗ ಒಂದೇ ಒಂದು ಬೀಜ ಮೂಲೆಯಲ್ಲಿ ಸಿಕ್ಕಿಹಾಕಿಕೊಂಡು ಉಳಿದರೆ ಅದು ಅಲ್ಲೇ ಕೊಳೆತು ಮುಂದಿನ ಸಲದ ಬೀಜದೊಂದಿಗೆ ಸೇರಿಬಿಡುತ್ತದೆ. ಒಣಗಿದ ಮೇಲೆ ಕಣ್ಣಿಗೆ ಅದು ಉಳಿದ ಬೀಜದಂತೆಯೇ. ಹುರಿದರೂ ಅಷ್ಟೆ. ಪುಡಿ ಮಾಡಿದಾಗ ಮಾತ್ರ ತನ್ನ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೊರಗೆ ಹಾಕುತ್ತದೆ. ಒಂದು ಲೋಟ ಕೆಡಿಸಲು ಅಂಥ ಒಂದು ಬೀಜ ಸಾಕು. ಅಪ್ಪ ಇದನ್ನು ಮಕ್ಕಳಿಬ್ಬರಿಗೂ ಕಿವಿ ಹಿಂಡಿ ಕಲಿಸಿದ್ದ.

ಮೇಲೆ ಹತ್ತಿ ಬಂದಾಗ ಅಕ್ಕ ಸಿಪ್ಪೆ ಬಿಡಿಸುವ ಯಂತ್ರಕ್ಕೆ ಬುಟ್ಟಿ ಬಗ್ಗಿಸುತ್ತಿದ್ದಳು. ತಗಡಿನ ಚಾವಣಿಯ ಕೆಳಗೆ ಯಂತ್ರದ ಗಡಗಡ, ಕೆಂಪು ಸಿಪ್ಪೆಯ ರಾಶಿ, ನೊಣ. ತಮ್ಮನ ಮುಖ ನೋಡಿದವಳೇ ಯಂತ್ರ ನಿಲ್ಲಿಸಿದಳು.

“ಬಾ. ಬೈಯೋಕೆ ಬಸ್ಸು ಹತ್ತಿಕೊಂಡು ಬಂದಿದ್ದೀಯ ಅಂದ್ರೆ ದೊಡ್ಡದೇ ಇರಬೇಕು. ಫೋನಲ್ಲಿ ಸಾಕಾಗ್ಲಿಲ್ವಾ?”

ಅವನು ಒಂದೇ ಉಸಿರಿಗೆ ಎಲ್ಲ ಹೇಳಿದ. ಡಾಕ್ಟರು, ಪುಸ್ತಕದಂಗಡಿಯಾಕೆ, ಇಪ್ಪತ್ತು ಲೋಟ, ಮಂಗಳವಾರ, ವ್ಯಾಪಾರಿ. ವ್ಯಾಪಾರಿ ಎಂದಾಗ ಅಕ್ಕನ ಕೈ ಬುಟ್ಟಿಯ ಅಂಚಿನ ಮೇಲೆ ನಿಂತಿತು.

“ನೋಡ್ಕೋ,” ಎಂದಳು. “ಎಲ್ಲಾ ನೋಡ್ಕೋ. ನಿನಗೆ ಸಮಾಧಾನ ಆಗೋವರೆಗೂ ನೋಡು.”

ಅವನು ನೋಡಿದ. ಬುಟ್ಟಿಗಳಿಗೆ ಕೈ ಹಾಕಿ ತಳದ ಹಣ್ಣು ಮೇಲೆ ತಂದ. ಎಲ್ಲವೂ ಕೆಂಪು, ಹಸಿರು ಕಾಯಿ ಒಂದಿಲ್ಲ. ಯಂತ್ರದ ಸಂದಿಗಳಿಗೆ ಬೆರಳು ತೂರಿಸಿದ. ಪ್ಯಾಂಟು ಮಡಚಿ ಖಾಲಿ ತೊಟ್ಟಿಗೆ ಇಳಿದು, ಟಾರ್ಚು ಹಿಡಿದು, ಮೊಣಕಾಲೂರಿ ನಾಲ್ಕು ಮೂಲೆಗಳನ್ನೂ ನೀರು ಬಿಡುವ ಬಾಗಿಲಿನ ಹಿಂಬದಿಯನ್ನೂ ಉಗುರಿನಿಂದ ಕೆರೆದ. ಬೀಜವಿರಲಿ, ಪಾಚಿ ಕೂಡ ಸಿಗಲಿಲ್ಲ. ಆ ತೊಟ್ಟಿಯಲ್ಲಿ ಕೂಸನ್ನು ಮಲಗಿಸಬಹುದಾಗಿತ್ತು. ಏನೂ ಸಿಗದಿದ್ದಕ್ಕೆ ಸಂತೋಷಪಡಬೇಕಾದವನಿಗೆ ಪಿತ್ತ ನೆತ್ತಿಗೇರಿತು.

“ನೀನು ಕುಡಿದು ನೋಡಿದ್ದೀಯಾ ಇದನ್ನ?”

“ನಾವು ಯಾವತ್ತು ಒಳ್ಳೆ ಬೀಜ ಕುಡಿದಿದ್ದೀವಿ? ನೀರಿಗೆ ಹಾಕಿದಾಗ ತೇಲೋ ಜೊಳ್ಳು ಹಣ್ಣು ನಮಗೆ, ಮುಳುಗೋದೆಲ್ಲಾ ನಿನ್ನ ಅಂಗಡಿಗೆ. ಅಮ್ಮನಿಗಂತೂ ಕಾಫಿ ಕಂಡ್ರೆ ಎದೆ ಉರಿ. ಬಿಸಿನೀರು ಬಿಟ್ಟು ಬೇರೆ ಕುಡಿದೋಳಲ್ಲ.”

“ಮತ್ತೆ ಎಲ್ಲಿಂದ ಬರುತ್ತೆ ಇದು? ಆಕಾಶದಿಂದ ಉದುರುತ್ತಾ? ಎಲ್ಲೋ ಒಂದು ಕಡೆ ಅಸಡ್ಡೆ ಆಗಿರಲೇಬೇಕು.”

“ಅಸಡ್ಡೆ,” ಎಂದಳು ಅಕ್ಕ. ಮೆಲ್ಲಗೇ ಹೇಳಿದಳು. “ನಲವತ್ತು ದಿನದಿಂದ ದಿನಾ ಫೋನು. ಯಾಕೆ ತಡ, ಯಾಕೆ ತಡ, ಡಬ್ಬಿ ಖಾಲಿ, ನಿನ್ನ ಕೈಲಾಗದಿದ್ರೆ ಹೇಳು. ಈಗ ಅಸಡ್ಡೆ. ಹೋಗು, ವ್ಯಾಪಾರಿ ಹತ್ರಾನೇ ತಗೋ. ನನಗೂ ಈ ಫೋನು ತಪ್ಪುತ್ತೆ.”

ಬುಟ್ಟಿ ಎತ್ತಿಕೊಂಡು ಯಂತ್ರ ಶುರು ಮಾಡಿದಳು. ಮಾತಿಗೆ ಬಾಗಿಲು ಹಾಕುವುದಕ್ಕೆ ಅದಕ್ಕಿಂತ ಒಳ್ಳೆಯ ಸದ್ದು ಬೇಕಿರಲಿಲ್ಲ. ಸಂಜೆ ನಾಲ್ಕರವರೆಗೆ ತೊಟ್ಟಿ ತುಂಬುತ್ತ ಹೋಯಿತು. ಸಿಡುಕಣ್ಣ ಅದರ ಪಕ್ಕದ ಕಲ್ಲಿನ ಮೇಲೆ ಕೂತು ಬೀಜ ಬೀಳುವುದನ್ನು ಕಾವಲುಗಾರನಂತೆ ಕಾಯ್ದ. ಊಟಕ್ಕೆ ಅಮ್ಮ ಎರಡು ಸಲ ಕರೆದಳು, ಹಸಿವಿಲ್ಲ ಎಂದ. ಹೊಟ್ಟೆ ತಾಳ ಹಾಕುತ್ತಿತ್ತು. ತೊಟ್ಟಿ ತುಂಬಿತು, ಅಕ್ಕ ಮೇಲೆ ಹಲಗೆ ಮುಚ್ಚಿ, ಅವನ ಕಡೆ ನೋಡದೆ, ಒಣಗಲು ಹರವಿದ್ದ ಬೀಜ ಕೂಡಿಸಲು ಕಣದ ಕಡೆ ಹೋದಳು.

ಬಿಸಿಲು ಇಳಿದದ್ದೇ ಚಳಿ ಹತ್ತಿಕೊಂಡಿತು. ಈ ವರ್ಷ ಗುಡ್ಡದ ಮೇಲೆ ಹಿಂದೆಂದೂ ಇಲ್ಲದ ಚಳಿ. ಅವನು ಏಳಬೇಕೆಂದುಕೊಳ್ಳುವಷ್ಟರಲ್ಲಿ ಮನೆಯ ಹಿಂಬಾಗಿಲಿಂದ ಅಮ್ಮ ಬಂದಳು. ತಲೆಗೆ ಉಲ್ಲನ್ ಬಟ್ಟೆ ಸುತ್ತಿಕೊಂಡು, ಸೆರಗಿನಡಿ ಏನೋ ಹಿಡಿದುಕೊಂಡು, ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತ ನೇರವಾಗಿ ತೊಟ್ಟಿಗೆ ಬಂದಳು. ಕಂಬದ ಮರೆಯಲ್ಲಿದ್ದ ಮಗನನ್ನು ಅವಳು ನೋಡಲಿಲ್ಲ. ಹಲಗೆಯೊಂದನ್ನು ಸರಿಸಿ, ಸೆರಗಿನಡಿಯ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದಳು. ಆ ವಾಸನೆ ಅಷ್ಟು ದೂರದಿಂದಲೇ ಅವನ ಮೂಗಿಗೆ ಬಡಿಯಿತು. ಹದಿನೇಳನೆಯ ಲೋಟ.

ಡಬ್ಬಿಯಿಂದ ಎರಡು ಹಿಡಿ ಬೀಜ ತೊಟ್ಟಿಗೆ ಹಾಕಿ, ಕೈಯಿಂದ ಮೇಲೆ ಮೇಲೆ ಸವರಿದಳು.

“ಏನಮ್ಮಾ ಅದು?”

ಅಮ್ಮ ಬೆಚ್ಚಲಿಲ್ಲ. ಸಿಕ್ಕಿಬಿದ್ದ ಮುಖವೂ ಮಾಡಲಿಲ್ಲ. “ಇಲ್ಲೇ ಇದ್ಯಾ? ಚಳೀಲಿ ಯಾಕೋ ಕೂತಿದ್ದೀಯ. ಹೆಪ್ಪು ಇದು.”

“ಏನು?”

“ಹೆಪ್ಪು ಕಣೋ. ಹಾಲಿಗೆ ಹಾಕಲ್ವಾ, ಹಾಗೆ. ಹೋದ ಸಲದ ತೊಟ್ಟಿಯಿಂದ ಒಂದು ಡಬ್ಬಿ ತೆಗೆದು ಒಲೆ ಪಕ್ಕ ಬೆಚ್ಚಗೆ ಇಡ್ತೀನಿ. ಚೆನ್ನಾಗಿ ಹುಳಿ ಬಂದಿರುತ್ತೆ. ಅದನ್ನ ಹಾಕಿದ್ರೆ ಇದೂ ಬೇಗ ಬರುತ್ತೆ.”

ಸಿಡುಕಣ್ಣ ಎದ್ದು ನಿಂತ. ಇಷ್ಟು ದಿನ ಕೂಡಿಟ್ಟ ಕೋಪವೆಲ್ಲ ಒಟ್ಟಿಗೆ ಬಾಯಿಗೆ ಬಂತು. “ಅಮ್ಮಾ,” ಎಂದು ಶುರು ಮಾಡಿದ, “ನಿನಗೇನಾದ್ರೂ—”

“ಈ ಸಲ ಚಳಿ ಜಾಸ್ತಿ ಮಗಾ,” ಎಂದಳು ಅಮ್ಮ ಹಲಗೆ ಮುಚ್ಚುತ್ತ. “ಒಂದು ದಿನಕ್ಕೆ ಬಿಡೋ ಲೋಳೆ ಎರಡು ದಿನ ಆದ್ರೂ ಬಿಡ್ತಿರ್ಲಿಲ್ಲ. ನೀನು ದಿನಾ ಫೋನ್ ಮಾಡಿ ಅವಳ ಮೇಲೆ ಕೂಗೋದು. ಫೋನ್ ಇಟ್ಟಮೇಲೆ ಅವಳು ಊಟದ ತಟ್ಟೆ ಬಿಟ್ಟು ಇಲ್ಲಿಗೆ ಬಂದು ಕೂತ್ಕೊಳ್ಳೋಳು. ಕೋಲು ಚುಚ್ಚಿ ಚುಚ್ಚಿ ನೋಡೋಳು, ಆಯ್ತಾ ಆಯ್ತಾ ಅಂತ. ನನ್ನ ಕೈಲಿ ಹೊರೋಕಾಗಲ್ಲ, ಕೀಳೋಕಾಗಲ್ಲ. ಹೆಪ್ಪು ಹಾಕೋದು ಗೊತ್ತು. ಅರವತ್ತು ವರ್ಷದಲ್ಲಿ ಒಂದು ದಿನ ನನ್ನ ಹೆಪ್ಪು ಕೆಟ್ಟಿಲ್ಲ. ನೋಡು, ಈಗ ಒಂದೂವರೆ ದಿನಕ್ಕೇ ಬರುತ್ತೆ. ಚಳಿ ಕಮ್ಮಿ ಆಯ್ತು ಅಂತ ಅವಳು ಅಂದ್ಕೊಂಡಿದ್ದಾಳೆ. ನಾನು ಹೇಳಿಲ್ಲ. ನಿನ್ನ ಡಬ್ಬಿ ಖಾಲಿ ಆಗದಿದ್ರೆ ಸಾಕು.”

ಬಾಯಿಗೆ ಬಂದ ಕೋಪ ಅಲ್ಲೇ ನಿಂತಿತು. ಅಂಗಡಿಯಿಂದ ಹೊತ್ತು ತಂದಿದ್ದನ್ನು ಯಾರ ತಲೆಯ ಮೇಲೆ ಇಳಿಸಬೇಕೆಂದು ಮೂರು ಗಂಟೆಯ ದಾರಿಯುದ್ದಕ್ಕೂ ಹುಡುಕಿದ್ದ. ಗ್ರೈಂಡರು, ಹೆಂಡತಿ, ಮಿಲ್ಲಿನವನು, ಅಕ್ಕ. ಈಗ ಅದು ತಿರುಗಿ ಅವನ ಹೆಸರನ್ನೇ ಹೇಳುತ್ತಿತ್ತು. ಅವನಿಗೆ ನಾಚಿಕೆಯಾಯಿತು. ಸಣ್ಣಪುಟ್ಟ ನಾಚಿಕೆಯಲ್ಲ, ಡಾಕ್ಟರ ಮುಂದೆ ಆಗಬೇಕಾದಂಥದ್ದೂ ಅಲ್ಲ. ಅಮ್ಮ ತನಗೆ ಹೆದರಿ ಈ ಡಬ್ಬಿ ಇಟ್ಟುಕೊಂಡಿದ್ದಾಳೆ ಎಂಬ ನಾಚಿಕೆ.

ಏನು ಮಾಡಬೇಕೆಂದು ತೋಚದೆ ಹಲಗೆ ಸರಿಸಿ, ತೋಳು ಮಡಚಿ, ಮೇಲಿನ ಪದರದ ಬೀಜವನ್ನೆಲ್ಲ ಎರಡೂ ಕೈಯಿಂದ ಬಾಚಿ ಬಾಚಿ ಬಕೆಟ್ಟಿಗೆ ತುಂಬತೊಡಗಿದ.

“ಯಾಕೋ ತೆಗೀತೀಯಾ?” ಎಂದಳು ಅಮ್ಮ. “ಈಗ ತಾನೇ ಹಾಕಿದ್ದು.”

ಕಣದಿಂದ ಬಂದ ಅಕ್ಕ ಅಲ್ಲಿ ನಿಂತಳು. ಬಕೆಟ್ಟು ನೋಡಿದಳು, ಡಬ್ಬಿ ನೋಡಿದಳು. ಬಗ್ಗಿ ಡಬ್ಬಿಯನ್ನು ಮೂಸಿದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡಳು.

“ಏನಾಯ್ತೇ?” ಎಂದು ಅಮ್ಮ ಅವಳನ್ನು ಕೇಳಿದಳು.

“ಅವನನ್ನೇ ಕೇಳು. ಅವಸರ ಅವನದ್ದಿತ್ತಲ್ಲ.”

ಸಿಡುಕಣ್ಣ ಬಕೆಟ್ಟು ಕೆಳಗಿಟ್ಟ. ಹೇಳದೇ ಇರಬಹುದಾಗಿತ್ತು. ಹೇಳದಿದ್ದರೆ ಅಮ್ಮ ನಾಳೆ ಮತ್ತೆ ಹಾಕುತ್ತಾಳೆ. ಲೋಳೆ ಮೆತ್ತಿದ ಕೈಗಳನ್ನು ಮುಂದೆ ಚಾಚಿಕೊಂಡು ಅವಳ ಎದುರು ಕುಕ್ಕರುಗಾಲಲ್ಲಿ ಕೂತ. ಅವನ ಬಾಯಿಂದ ಮಾತು ಅಷ್ಟು ನಿಧಾನವಾಗಿ ಬಂದದ್ದನ್ನು ಅಕ್ಕ ಅದೇ ಮೊದಲು ಕೇಳಿದಳು.

“ಅಮ್ಮಾ, ಹಾಲಿನ ಹೆಪ್ಪು ಹಾಲಲ್ಲೇ ಕರಗಿಹೋಗುತ್ತೆ. ಇದು ಕರಗಲ್ಲ. ಕೊಳೆತ ಬೀಜ ಬೀಜವಾಗೇ ಉಳಿಯುತ್ತೆ. ಒಣಗುತ್ತೆ, ಚೀಲಕ್ಕೆ ಬೀಳುತ್ತೆ, ನಾನು ಹುರೀತೀನಿ. ಆಮೇಲೆ ಒಂದೊಂದಾಗಿ ಒಂದೊಂದು ಲೋಟಕ್ಕೆ ಬರುತ್ತೆ.”

ಅಮ್ಮ ಡಬ್ಬಿಯನ್ನು ನೋಡುತ್ತ ಕೂತಳು. ಲೆಕ್ಕ ಹಾಕುವವಳಂತೆ ತುಟಿ ಅಲುಗಿತು.

“ಅಂದ್ರೆ ಬೆಳಗ್ಗೆ ನೀನು ಇವಳ ಹತ್ರ ಹೇಳ್ತಿದ್ದ ಆ ಡಾಕ್ಟ್ರಿಗೆ ಹೊಲಸು ಕುಡಿಸಿದ್ದು ನಾನಾ?”

ಅವನು ಬಕೆಟ್ಟನ್ನು ತನ್ನ ಕಡೆಗೆ ಎಳೆದುಕೊಂಡ.

“ಒಂದು ಮಾತು ಕೇಳಬಹುದಿತ್ತು ನಿನ್ನ,” ಎಂದಳು ಅವಳೇ. “ಹಾಕಲಾ ಬೇಡ್ವಾ ಅಂತ. ನೀನು ಫೋನಲ್ಲಿ ಕೇಳಿಸ್ಕೊಳ್ಳೋಕೆ ನಿಲ್ಲಲ್ಲ. ಕೂಗಿ ಇಟ್ಟುಬಿಡ್ತೀಯ.”

ಡಬ್ಬಿ ಎತ್ತಿಕೊಂಡು ನಲ್ಲಿಯ ಹತ್ತಿರ ಹೋಗಿ, ಬೂದಿ ಹಾಕಿ ಉಜ್ಜತೊಡಗಿದಳು. ತುಂಬ ಹೊತ್ತು ಉಜ್ಜಿದಳು. ಅಷ್ಟು ಸದ್ದಿಲ್ಲದೆ ಅಮ್ಮ ಪಾತ್ರೆ ತೊಳೆದದ್ದನ್ನು ಅವನು ಎಂದೂ ಕಂಡಿರಲಿಲ್ಲ. ಅಕ್ಕ ಬಂದು ಅವನ ಪಕ್ಕ ಕೂತು ತಾನೂ ತೊಟ್ಟಿಗೆ ಕೈ ಹಾಕಿದಳು. ಇಬ್ಬರೂ ಬೆಳಕು ಇರುವವರೆಗೂ ಒಂದು ಗೇಣು ಆಳದ ಬೀಜ ಬಾಚಿ ಹೊರಗೆ ಹಾಕಿದರು.

ಆ ಒಂದು ತೊಟ್ಟಿಯೇನೋ ಉಳಿಯಿತು. ಮೊದಲಿನದನ್ನು ಉಳಿಸುವ ದಾರಿ ಇರಲಿಲ್ಲ. ಅಕ್ಕನ ಕೋಣೆಯಲ್ಲಿ ಹನ್ನೊಂದು ಚೀಲ, ಕಣದ ಮೇಲೆ ಇನ್ನೂ ಒಣಗುತ್ತಿದ್ದ ರಾಶಿ, ಅಂಗಡಿಯಲ್ಲಿ ಮೂರು ಚೀಲ. ಯಾವ ಬೀಜ ಒಳ್ಳೆಯದು, ಯಾವುದು ಅಮ್ಮನ ಡಬ್ಬಿಯದು ಎಂದು ಕಣ್ಣಿಂದ ಹೇಳಬಲ್ಲವರು ಯಾರೂ ಇಲ್ಲ. ಸೋಮವಾರ ಬೆಳಗ್ಗೆ ಅಕ್ಕತಮ್ಮ ಸೇರಿ ಚೀಲಗಳ ಬಾಯಿ ಬಿಚ್ಚಿ, ಒಂದು ಬೆಳೆಯ ಅರ್ಧವನ್ನು ಗಿಡದ ಬುಡಕ್ಕೆ ಗೊಬ್ಬರವಾಗಿ ಸುರಿದರು. ಕೊನೆಯ ಚೀಲ ಕೊಡವುವಾಗ ಅಕ್ಕ, “ಇನ್ನು ಇಪ್ಪತ್ತು ದಿನ ನಿನಗೆ ಬೀಜ ಇಲ್ಲ. ಚಳಿ ಹೀಗೇ ಇದ್ರೆ ಇಪ್ಪತ್ತೈದು,” ಎಂದಳು. “ತಡ್ಕೋತೀಯಾ?”

ತಡೆದುಕೊಳ್ಳುತ್ತೇನೆ ಎನ್ನಲು ಅವನಿಗೆ ಧೈರ್ಯ ಸಾಲಲಿಲ್ಲ. ಹೂಂ ಎಂಬಂತೆ ತಲೆ ಆಡಿಸಿದ.

ಮಂಗಳವಾರ ವ್ಯಾಪಾರಿಯ ವ್ಯಾನು ಅಂಗಡಿಯ ಮುಂದೆ ನಿಂತಾಗ ಡಬ್ಬಿಗಳು ಬೋರಲು ಬಿದ್ದಿದ್ದವು. ಡ್ರಮ್ಮು ತಣ್ಣಗಿತ್ತು. ವ್ಯಾಪಾರಿ ಒಳಗೆ ಇಣುಕಿ, “ಎಷ್ಟು ಚೀಲ ಇಳಿಸಲಿ?” ಎಂದ. ಹೆಂಡತಿ ಗಂಡನ ಮುಖ ನೋಡಿದಳು. ರಾತ್ರಿಯೇ ಅವಳಿಗೆ ಎಲ್ಲ ಹೇಳಿಯಾಗಿತ್ತು. ಕೇಳಿ ಅವಳು ಹೇಳಿದ್ದು ಒಂದೇ ಮಾತು: “ನಿಮ್ಮ ಬಾಯಿ ಗುಡ್ಡದ ಮೇಲೂ ಕೇಳಿಸುತ್ತೆ ಅಂತ ನನಗೆ ಗೊತ್ತಿತ್ತು. ತೊಟ್ಟಿಗೂ ಕೇಳಿಸುತ್ತೆ ಅಂತ ಗೊತ್ತಿರ್ಲಿಲ್ಲ.”

“ಬೇಡ,” ಎಂದ ಸಿಡುಕಣ್ಣ.

“ಡಬ್ಬಿ ಖಾಲಿ ಕಾಣ್ತಿದೆ?”

“ಖಾಲಿನೇ. ತುಂಬೋವಾಗ ತುಂಬುತ್ತೆ.”

ವ್ಯಾನು ಹೋಯಿತು. ಹತ್ತು ಗಂಟೆಗೆ ಸರಿಯಾಗಿ ಹಲ್ಲಿನ ಡಾಕ್ಟರು ಬಂದು ಮೊದಲ ಸ್ಟೂಲಿನಲ್ಲಿ ಕೂತರು. ಇವತ್ತು ಕಾಫಿ ಇಲ್ಲ, ಇನ್ನು ಮೂರು ವಾರ ಇಲ್ಲ ಎಂದು ಹೇಳಿ, ಆಮೇಲೆ ಕಟ್ಟೆ ಒರೆಸುತ್ತ, ಅವರ ಕಡೆ ನೋಡದೆ, “ನಿಮ್ಮ ಮೂಗು ಸರಿಯಾಗೇ ಇದೆ ಡಾಕ್ಟ್ರೇ,” ಎಂದ. ಡಾಕ್ಟರಿಗೆ ಕಾಫಿಗಿಂತ ಅದೇ ಹೆಚ್ಚು ರುಚಿಸಿರಬೇಕು. ಎದ್ದು ಹೋಗಲಿಲ್ಲ, ಪೇಪರು ಬಿಡಿಸಿಕೊಂಡು ಅಲ್ಲೇ ಕೂತರು.

ಹನ್ನೊಂದರ ಹೊತ್ತಿಗೆ ಸಿಡುಕಣ್ಣನ ಕೈ ತಾನಾಗಿ ಫೋನಿಗೆ ಹೋಯಿತು. ಹೆಂಡತಿ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಬಂದು ಅವನ ಪಕ್ಕ ನಿಂತಳು. ಆ ಕಡೆ ಫೋನ್ ಎತ್ತಿದ್ದು ಅಮ್ಮ.

“ತೊಟ್ಟೀಲಿ ಲೋಳೆ ಇನ್ನೂ ಬಿಟ್ಟಿಲ್ಲ ಮಗಾ,” ಎಂದಳು ಎತ್ತಿದ ಕೂಡಲೇ. ಅವನು ಕೇಳುವ ಮೊದಲೇ ಹೇಳಿ ಮುಗಿಸುವ ಆತುರವಿತ್ತು ಆ ದನಿಯಲ್ಲಿ. “ಎರಡು ದಿನ ಆಯ್ತು. ಅವಳು ಬೆಳಗ್ಗಿಂದ ನಾಲ್ಕು ಸಲ ಕೋಲು ಚುಚ್ಚಿ ನೋಡಿದ್ಳು. ನಾನು ಏನೂ ಹಾಕಿಲ್ಲ. ಡಬ್ಬಿ ಮೇಲಿಟ್ಟಿದ್ದೀನಿ. ಇನ್ನೊಂದು ದಿನ ಬೇಕಂತೆ. ನೀನು ಅವಳಿಗೆ ಏನೂ ಅನ್ಬೇಡ.”

ಅವನು ಖಾಲಿ ಡಬ್ಬಿಗಳನ್ನು ನೋಡಿದ. ಡಾಕ್ಟರು ಪೇಪರಿನ ಅಂಚಿನಿಂದ ಅವನನ್ನು ನೋಡುತ್ತಿದ್ದರು. ಹೆಂಡತಿಯೂ ನೋಡುತ್ತಿದ್ದಳು. ಐವತ್ತು ವರ್ಷದಲ್ಲಿ ಒಮ್ಮೆಯೂ ಆಡದ ಮಾತು. ಎಲ್ಲಿ ಹಿಡಿದು ಎತ್ತಬೇಕೆಂದೇ ತಿಳಿಯಲಿಲ್ಲ.

“ಆಗಲಿ ಬಿಡಮ್ಮ,” ಎಂದ. “ಅವಸರ ಏನಿಲ್ಲ.”

ಆ ಕಡೆಯಿಂದ ಗುಡ್ಡದ ಗಾಳಿ, ದೂರದಲ್ಲಿ ಯಂತ್ರದ ಗಡಗಡ, ಅಷ್ಟೇ ಕೇಳುತ್ತಿತ್ತು. ಆಮೇಲೆ ಅಮ್ಮ ಫೋನಿನಿಂದ ಬಾಯಿ ಸರಿಸಿ ಗಾಬರಿಯಿಂದ ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು.

“ಬಾರೇ ಬೇಗ, ಯಂತ್ರ ನಿಲ್ಲಿಸಿ ಬಾ. ನಿನ್ನ ತಮ್ಮನಿಗೆ ಹುಷಾರಿಲ್ಲ ಅನ್ಸುತ್ತೆ.”